ರೋಬೋಟ್‌ನ ಎಡಗೈ

ವಿಶ್ರುತ್‌ನ ಕನ್ನಡಕದ ಅಂಗಡಿ ಕಡೂರಿನ ಬಸ್‌ಸ್ಟ್ಯಾಂಡಿನ ಎದುರಿಗಿತ್ತು. ಕೃತಿಕಾ ಮೊದಲ ಸಲ ಅಲ್ಲಿಗೆ ಬಂದಾಗ ಕೌಂಟರಿನ ಮೇಲೆ ಇಟ್ಟಿದ್ದು ಕನ್ನಡಕವನ್ನಲ್ಲ, ಗೇಣುದ್ದದ ನೀಲಿ ರೋಬೋಟನ್ನು.

"ಇದರ ಮೊಣಕಾಲು ಲೂಸಾಗಿದೆ. ನಿಮ್ಮ ಹತ್ರ ಸಣ್ಣ ಸ್ಕ್ರೂಡ್ರೈವರ್ ಇರತ್ತಲ್ವಾ?"

"ಮಗೂದಾ?"

"ನಂದು," ಎಂದಳು, ಒಂಚೂರೂ ನಾಚದೆ.

ಅವನು ಸ್ಕ್ರೂ ಬಿಗಿ ಮಾಡಿಕೊಟ್ಟ. ಅವಳು ರೋಬೋಟ್‌ನ ತಲೆ ಒಳಗೆ ತಳ್ಳಿ, ಕಾಲು ಮಡಿಚಿ, ಎದೆ ತಿರುಗಿಸಿ, ಅವನ ಕಣ್ಣೆದುರೇ ಅದನ್ನು ಕಾರು ಮಾಡಿ ಕೌಂಟರಿನ ಮೇಲೆ ಓಡಿಸಿದಳು. ಆಮೇಲೆ ತಲೆಯೆತ್ತಿ, ಇವನೂ ನಗುತ್ತಾನೋ ಎಂದು ಓರೆಗಣ್ಣಿನಲ್ಲಿ ನೋಡಿದಳು. ಅವನು ನಗಲಿಲ್ಲ. ಆ ನೋಟಕ್ಕೆ ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿತ್ತು.

ಕೃತಿಕಾ ಅಜ್ಜಂಪುರದ ಕರೆಂಟ್ ಆಫೀಸಿನಲ್ಲಿ ಜೂನಿಯರ್ ಇಂಜಿನಿಯರ್. ಚಿಕ್ಕವಳಿದ್ದಾಗ ಸೋದರಮಾವ ಅವಳ ಅಣ್ಣನಿಗೆ ಇಂಥದೇ ರೋಬೋಟ್ ತಂದುಕೊಟ್ಟಿದ್ದ, ಅವಳಿಗೆ ಬಳೆ. ಅವಳು ರೋಬೋಟ್ ಮುಟ್ಟಿದರೆ ಅಣ್ಣ ಕಿತ್ತುಕೊಳ್ಳುತ್ತಿದ್ದ. ಆ ಹಳೇ ರೋಬೋಟ್‌ಗಳನ್ನೇ ಕಂಪನಿಯವರು ಈಗ ಮತ್ತೆ ಅದೇ ಥರ ಮಾಡಿ ಮಾರುತ್ತಿದ್ದಾರೆಂದು ತಿಳಿದ ಮೇಲೆ ಒಂದೊಂದಾಗಿ ಕೊಳ್ಳತೊಡಗಿದ್ದಳು. ಹೊಸದು ಬಂದಾಗಲೆಲ್ಲ ಕಡೂರಿಗೆ ಬಂದು ವಿಶ್ರುತ್‌ಗೆ ತೋರಿಸುವುದು ರೂಢಿಯಾಯಿತು, ಯಾವ ಸ್ಕ್ರೂ ಸಡಿಲವಾಗದಿದ್ದರೂ. ಅವನಿಗೆ ಅವಳ ಬೆರಳುಗಳ ಆಟ ನೋಡುವುದೇ ಹಬ್ಬ. ಹೇಳಬೇಕಾದ ಮಾತನ್ನು ಮಾತ್ರ ಪ್ರತಿ ಸಲವೂ ಮುಂದಿನ ಸಲಕ್ಕೆ ಎತ್ತಿಡುತ್ತಿದ್ದ.

ಅಷ್ಟರಲ್ಲಿ ತರೀಕೆರೆಯ ವಿಜಯ್‌ನ ಹೆಸರು ಶುರುವಾಯಿತು.

ವಿಜಯ್ ಬ್ಯಾಂಕಿನಲ್ಲಿದ್ದ. ಅವನಿಗೂ ಇದೇ ಹುಚ್ಚು. ರೋಬೋಟ್ ಸಂಗ್ರಹಿಸುವವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಪರಿಚಯ. "ವಿಜಯ್ ಹೇಳಿದ್ರು," "ವಿಜಯ್ ಫೋಟೋ ಕಳ್ಸಿದಾರೆ ನೋಡಿ." ಫೋನ್ ಟಿಂಗ್ ಎಂದರೆ ಸಾಕು, ಅವಳ ತುಟಿಯಂಚಿನಲ್ಲಿ ನಗು. ತನಗೆಂದೇ ಮೀಸಲು ಅಂದುಕೊಂಡಿದ್ದ ಆ ನಗು ಬೇರೆಯವನಿಗೂ ಸಿಗುತ್ತಿದೆ ಎಂದು ವಿಶ್ರುತ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಫ್ರೇಮ್ ಒರೆಸುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದ.

"ಭಾನುವಾರ ತರೀಕೆರೆಗೆ ಹೋಗ್ಬೇಕು," ಎಂದಳು ಒಂದು ದಿನ. "ಫೈರ್ ಇಂಜಿನ್ ಆಗೋ ಕೆಂಪು ರೋಬೋಟ್ ಎಲ್ಲೂ ಸಿಗ್ತಿಲ್ಲ. ವಿಜಯ್ ಎರಡು ತರ್ಸಿದಾರಂತೆ, ಒಂದು ನಂಗೆ. ನಿಮ್ಮ ಬೈಕಲ್ಲಿ ಕರ್ಕೊಂಡು ಹೋಗ್ತೀರಾ?"

"ಮಧ್ಯದಲ್ಲಿ ನಾನ್ಯಾಕೆ?"

"ಬನ್ನಿ ಅಂದ್ರೆ ಬನ್ನಿ."

ವಿಜಯ್ ನೋಡಲು ಚೆನ್ನಾಗಿದ್ದ. ಸಾಲದ್ದಕ್ಕೆ ಒಳ್ಳೆಯವನೂ ಆಗಿದ್ದ. ಅವನ ತಾಯಿ ಭಾಗೀರಥಮ್ಮ ಕಾಫಿ ಕೊಟ್ಟು, ಕೃತಿಕಾಳನ್ನು ಅಡಿಯಿಂದ ಮುಡಿಯವರೆಗೆ ಅಕ್ಕರೆಯಿಂದ ನೋಡಿದರು. ವಿಜಯ್, ಕೃತಿಕಾ ಇಬ್ಬರೂ ಚಾಪೆಯ ಮೇಲೆ ಕೂತು ಕೆಂಪು ರೋಬೋಟಿನ ಡಬ್ಬಿ ಬಿಚ್ಚಿದರು. ಏಣಿ, ಕೈಗಳು, ಮುಷ್ಟಿಗಳು ಬಿಡಿಬಿಡಿಯಾಗಿದ್ದವು.

"ಮೊದ್ಲು ಭುಜ ಎಳೀರಿ," ಎಂದ ವಿಜಯ್.

"ಅಯ್ಯೋ ಗೊತ್ತು ಕಣ್ರೀ," ಎಂದು ಅವಳು ನಕ್ಕಳು. ಇಬ್ಬರ ತಲೆಗಳೂ ತಾಗುವಷ್ಟು ಹತ್ತಿರ ಬಾಗಿದ್ದವು.

ವಿಶ್ರುತ್‌ನ ಕಾಲ ಬಳಿ ಎಡಗೈಯ ಕರೀ ಮುಷ್ಟಿ ಬಿದ್ದಿತ್ತು, ಹುಣಸೆಬೀಜದಷ್ಟು. ಯಾಕೆ ಎತ್ತಿಕೊಂಡನೋ, ಯಾವಾಗ ಜೇಬಿಗೆ ಹಾಕಿದನೋ ಅವನಿಗೇ ತಿಳಿಯಲಿಲ್ಲ.

ಆಮೇಲೆ ಹುಡುಕಾಟ ಶುರುವಾಯಿತು. ಚಾಪೆ ಕೊಡವಿದರು. ಭಾಗೀರಥಮ್ಮ ಸೋಫಾದ ಅಡಿಗೆ ಪೊರಕೆ ಹಾಕಿದರು. ಕೃತಿಕಾ ಮಂಡಿಯೂರಿ ನೆಲವೆಲ್ಲ ತಡವಿದಳು. ವಿಶ್ರುತ್ ಕೂಡ ಹುಡುಕಿದ. ಕೊನೆಗೆ ವಿಜಯ್ ಬೀರು ತೆಗೆದು, ತನ್ನ ರೋಬೋಟ್‌ನ ಎಡಮುಷ್ಟಿಯನ್ನು ಕಳಚಿ ಅವಳ ಅಂಗೈಯಲ್ಲಿಟ್ಟ. "ನಮ್ಮನೇಲಿ ಕಳೆದದ್ದು. ಇದು ನಿಮಗೇ ಇರ್ಲಿ."

ಕೃತಿಕಾಳ ಕಣ್ಣು ಒದ್ದೆಯಾಯಿತು. ಆ ಕ್ಷಣ ವಿಶ್ರುತ್‌ಗೆ ವಿಜಯ್ ಮೇಲಿದ್ದ ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ನಾಚಿಕೆ ಅದಕ್ಕಿಂತ ಹೆಚ್ಚಾಯಿತು.

ವಾಪಸ್ ಹೊರಟಾಗ, ಬುಕ್ಕಾಂಬುಧಿ ಕೆರೆ ನೋಡಿಕೊಂಡು ಅಜ್ಜಂಪುರಕ್ಕೆ ಹೋಗೋಣ ಎಂದಳು ಕೃತಿಕಾ. ಕೆರೆ ಏರಿಯ ಮೇಲೆ ಬೈಕ್ ನಿಲ್ಲಿಸಿದಾಗ ಅವನು ಜೇಬಿನಿಂದ ಮುಷ್ಟಿ ತೆಗೆದು ತೋರಿಸಿದ.

ಅವಳು ಅದನ್ನು ನೋಡಿ ಅವನ ಕಡೆ ತಿರುಗಿದಳು. "ಯಾಕೆ?"

"ನೀವು ಅವ್ರ ಜೊತೆ ನಗೋದು ನೋಡಕ್ಕಾಗ್ಲಿಲ್ಲ. ನೀವಂದ್ರೆ ನಂಗಿಷ್ಟ. ಮೊದಲ ದಿನದಿಂದ್ಲೂ."

"ನನ್ನ ಕೈಯಿಂದ ಕಿತ್ಕೊಳ್ಳೋರು ಮನೇಲೇ ಇದ್ರು ವಿಶ್ರುತ್. ನೀವೂ ಹಂಗೇನಾ?"

ಗಾಳಿಗೆ ಅವಳ ದುಪಟ್ಟಾ ಹಾರಿ ಅವನ ತೋಳಿಗೆ ಸೋಕಿತು. ಅವಳು ಅದನ್ನು ಎಳೆದುಕೊಂಡಳು.

"ನಡೀರಿ ತರೀಕೆರೆಗೆ. ನೀವೇ ಕೊಟ್ಟು, ನೀವೇ ಹೇಳಿ. ನನ್ನ ಉತ್ತರ ಆಮೇಲೆ."

ವಿಜಯ್ ಗೇಟಿನ ಹತ್ತಿರವೇ ಸಿಕ್ಕಿದ. ವಿಶ್ರುತ್ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ವಿಜಯ್ ಮುಷ್ಟಿಯನ್ನು ಬೆರಳಲ್ಲಿ ಹೊರಳಿಸಿ ನೋಡಿದ.

"ಹೊಟ್ಟೆಕಿಚ್ಚಿಗಾ?"

"ಹೂಂ."

"ನಿಮ್ಮ ಅನುಮಾನ ಸುಳ್ಳಲ್ಲ ಬಿಡಿ. ಇವತ್ತು ಅವರೊಬ್ರೇ ಬಂದಿದ್ರೆ, ಮದುವೆ ಆಗ್ತೀರಾ ಅಂತ ಕೇಳೇಬಿಡೋಣ ಅಂತಿದ್ದೆ." ಅವನು ಬೀದಿಯ ತಿರುವಿನಲ್ಲಿ ನಿಂತಿದ್ದ ಕೃತಿಕಾಳ ಕಡೆ ನೋಡಿ, ನಗಲು ಪ್ರಯತ್ನಿಸಿದ. "ಹೋಗಿ, ಕಾಯ್ತಿದಾರೆ."

ವಿಶ್ರುತ್ ಬೀದಿಯ ತಿರುವಿನ ಕಡೆ ನಡೆದ. ವಿಜಯ್ ಆಡಿದ ಈ ಮಾತನ್ನು ಅವಳಿಗೆ ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಬೈಕಿನ ಹತ್ತಿರ ಬಂದವನೇ ಹೇಳಿದ. "ಅವ್ರಿಗೂ ನೀವು ಇಷ್ಟ ಅಂತೆ. ಕೇಳ್ಬೇಕು ಅಂತಿದ್ರಂತೆ. ಯೋಚ್ನೆ ಮಾಡಿ. ನನಗಿಂತ ಒಳ್ಳೇವ್ರು."

"ನಂಗೆ ಗೊತ್ತಿತ್ತು," ಎಂದಳು ಕೃತಿಕಾ.

"ಗೊತ್ತಿದ್ದೂ ಬಂದ್ರಾ?"

ಅವಳು ಅವನ ಹಿಂದೆ ಹತ್ತಿ ಕೂತಳು. ಬೈಕ್ ಸ್ಟಾರ್ಟ್ ಆಗುವ ಮುಂಚೆ ಅವನ ಭುಜದ ಮೇಲೆ ಗಲ್ಲವಿಟ್ಟು, ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು.

"ಅದಕ್ಕೇ ಕಣೋ ನಿನ್ನನ್ನ ಜೊತೇಲಿ ಕರ್ಕೊಂಡು ಬಂದಿದ್ದು."