ಶಹನಾಯಿಯ ಹಿಂದಿನ ಏಟುಗಳು

ತೊಂಬತ್ತಾರರ ಬೇಸಿಗೆಯಲ್ಲಿ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ರೇವಣಸಿದ್ದಪ್ಪ ಎರಡು ಹಳೆಯ ಸ್ಪೂಲ್ ಟೇಪ್ ಯಂತ್ರಗಳಿಗೆ, ಕೊಬ್ಬರಿ ಕುಲುಕಿ ನೋಡುವಂತೆ ಕಿವಿಗೊಟ್ಟು, ಸದ್ದಿಲ್ಲದೆ ತಿರುಗುವುದನ್ನೇ ಆರಿಸಿ ತಂದ.

ಮನೆಯಲ್ಲಿ, ಯಂತ್ರದ ಜೊತೆ ಬಂದಿದ್ದ ಶಹನಾಯಿ ಟೇಪಿನ ಸುರುಳಿಯ ಸೀಲು ಒಡೆದು ಹಾಕಿದರೆ, ವಾದ್ಯದ ಹಿಂದೆ ಮಚ್ಚಿನೇಟು. ಕಬ್ಬಿಣದ ಮೇಲೆ ಬೀಳುವಂಥ ಏಟುಗಳು. ಆಮೇಲೊಂದು ಹೆಂಗಸಿನ ಕೂಗು: "ಸಾಕು ಬಿಡ್ರೀ!" ಕೊನೆಗೆ ಒಂದೇ ಒಂದು ಹಸಿ ಏಟು. ಅದು ಕಾಯಿ ಒಡೆದ ಸದ್ದಲ್ಲವೆಂದು ಅವನ ಕಿವಿಗೆ ಗೊತ್ತಾಯಿತು.

ಬಾಗಿಲಲ್ಲಿದ್ದ ಹೆಂಡತಿ ಗುರುಸಿದ್ದಮ್ಮ ಬಿಳಿಚಿಕೊಂಡಳು. "ಯಾರ್ರೀ ಅದು, ನನ್ನಂಗೇ ಕೂಗೋದು?"

"ಇದರ ಮನೆ ಹಾಳಾಗ!" ಅವನು ಮೂಲೆಯಲ್ಲಿದ್ದ ಕಾಯಿ ಒಡೆಯುವ ಮಚ್ಚು ಎಳೆದುಕೊಂಡು ಯಂತ್ರವನ್ನು ಕೊಚ್ಚತೊಡಗಿದ. ಬಿಚ್ಚಿದ ಟೇಪು ಮಣಿಕಟ್ಟಿಗೆ ಸುತ್ತಿಕೊಂಡಿತು, ಮೈಯಷ್ಟೇ ಬೆಚ್ಚಗಿತ್ತು.

ಗುರುಸಿದ್ದಮ್ಮ ಓಡಿಬಂದು ಅವನ ಭುಜ ಹಿಡಿದಳು. "ಸಾಕು ಬಿಡ್ರೀ!"

ಯಂತ್ರ ಚೂರುಚೂರಾಗಿತ್ತು. ಅವನ ಕೈ ಇನ್ನೂ ಮೇಲೆದ್ದೇ ಇತ್ತು. ಕೊನೆಯ ಏಟು ಬಿದ್ದಿರಲಿಲ್ಲ.