ಬೋಳುಬೆಟ್ಟಕ್ಕೆ ಬಿಳಿಪಟ್ಟೆ

"ಈ ಸಲ ನಾವು ಮೊದಲು ಬರದಿದ್ರೆ ಮೀಸೆ ಬೋಳಿಸ್ಕೊಳ್ತೀನಿ!" ಕಾಡಿನ ಸಾಹೇಬರು ಗೋಡೆಯ ಪಟಕ್ಕೆ ಕೋಲು ಕುಟ್ಟಿದರು.

ಯಾವ ಸೀಮೆ ತನ್ನ ನೆಲದಲ್ಲಿ ಎಷ್ಟು ಪಾಲನ್ನು ಕಾಡುಜೀವಿಗಳಿಗೆ ಬಿಟ್ಟಿದೆ ಎಂಬುದು ಆ ಪಟದಲ್ಲಿ ಹಸಿರು ಕಂಬಗಳಾಗಿ ನಿಂತಿತ್ತು. ಪಕ್ಕದ ಸೀಮೆಯ ಕಂಬ ಆಕಾಶಕ್ಕೆ ಏಣಿ ಹಾಕಿತ್ತು. ಇವರದು ಇರುವೆಯೂ ಎಡವದೆ ದಾಟುವಷ್ಟು ಮೋಟು. ಸುತ್ತ ಬಿಳಿಪಟ್ಟೆ ಬಳಿದ ನೆಲ ಮಾತ್ರ ಲೆಕ್ಕಕ್ಕೆ. ಒಮ್ಮೆ ಬಳಿದದ್ದನ್ನು ಸಾಹೇಬರೂ ಅಳಿಸುವಂತಿಲ್ಲ.

"ಬೋಳುಬೆಟ್ಟದ ಸುತ್ತ ಬಳಿದು ಬನ್ನಿ. ಪಾಲು ದೊಡ್ಡದಾದ್ರೆ ಹೊಳೆದಂಡೆ ತೋಪನ್ನ ಇಟ್ಟಿಗೆ ಗೂಡಿನೋರಿಗೆ ಕೊಟ್ರೂ ಯಾರೂ ಕೇಳಲ್ಲ."

ಆ ತೋಪಿನ ಬೇರುಗಳ ಸಂದಿಯಲ್ಲಿ ನೀರುನಾಯಿಗಳು ಮರಿ ಹಾಕಿದ್ದವು. ಸರ್ವೆಯಾಕೆಗೆ ಅದು ಗೊತ್ತಿತ್ತು. ಆದರೂ ಬಾಯಿಂದ ಬಂದದ್ದು, "ಆಗ್ಲಿ ಸಾರ್."

ಹೊರಟವರು ಮೂವರು: ಸರ್ವೆಯಾಕೆ, ಹಗ್ಗ ಹೊತ್ತ ಅವಳ ಮೈದುನ, ಕಾವಲುಗಾರ ಗುಡುಗಪ್ಪ. ಇವನ ಗೊರಕೆಗೆ ಹೆದರಿ ಕರಡಿಯೊಂದು ಸಂಸಾರ ಸಮೇತ ಗುಹೆ ಖಾಲಿ ಮಾಡಿತ್ತಂತೆ. ಹೇಳಿದವನು ಅವನೇ.

ಹೊಳೆ ದಾಟುವಾಗ ಸೆಳವು ಕಾಲು ಕಿತ್ತಿತು.

"ಅತ್ತಿಗೆ, ಬಣ್ಣದ ಡಬ್ಬ!"

"ಡಬ್ಬ ಹಾಳಾಗ್ಲಿ, ಹಗ್ಗ ಹಿಡಿ!"

ಡಬ್ಬಗಳನ್ನೆಲ್ಲ ಹೊಳೆ ನುಂಗಿತು. ಮೈದುನ ಮಗುವಿನಂತೆ ಅಪ್ಪಿಕೊಂಡಿದ್ದ ಒಂದೇ ಉಳಿಯಿತು.

ಆಚೆ ದಡದಿಂದ ಬೆಟ್ಟ ಏರತೊಡಗಿದರು. ಮೊದಲು ಮರ ಮುಗಿಯಿತು, ಆಮೇಲೆ ಪೊದೆ, ಆಮೇಲೆ ಹುಲ್ಲು. ಉಳಿದದ್ದು ಬರೀ ಬಂಡೆ. ಹಕ್ಕಿಯ ಕೂಗಿಲ್ಲ, ಹುಳದ ಸದ್ದಿಲ್ಲ. ಬಿಸಿಲು ಮಾತ್ರ ಬಂಡೆಯಿಂದ ಬಂಡೆಗೆ ಜಿಗಿಯುತ್ತಿತ್ತು. ಗಾಳಿಗೂ ಅಲ್ಲಿ ಅಲುಗಾಡಿಸಲು ಒಂದು ಎಲೆ ಸಿಗದೆ ಗುಡುಗಪ್ಪನ ಟೋಪಿಯನ್ನೇ ಹಾರಿಸಿಕೊಂಡು ಹೋಯಿತು.

ನೆತ್ತಿಯ ಹತ್ತಿರ ಸರ್ವೆಯಾಕೆಯ ಕಾಲಡಿಯ ಕಲ್ಲು ಕುಸಿಯಿತು. ಜಾರಿದಳು. ಉಗುರು ಊರಿದಳು. ಮತ್ತೆ ಜಾರಿದಳು.

"ಅತ್ತಿಗೇ!"

ಮೇಲಿನಿಂದ ಹಗ್ಗವೊಂದು ಸರ್ರನೆ ಇಳಿಯಿತು. ಅವಳನ್ನು ಮೇಲಕ್ಕೆ ಎಳೆದುಕೊಂಡವಳು ಪಕ್ಕದ ಸೀಮೆಯ ಕಾವಲುಗಾರ್ತಿ.

"ಜೀವ ಬೇಸರವಾಯ್ತೇನಮ್ಮ? ಇಲ್ಲೇನು ಕೆಲಸ?"

"ಇದನ್ನ ಕಾಡುಪ್ರಾಣಿಗಳಿಗೆ ಬಿಡೋಕೆ ಬಂದ್ವಿ," ಎಂದಳು ಸರ್ವೆಯಾಕೆ ಏದುಸಿರಿನಲ್ಲಿ.

"ಇಲ್ಲಿಗೆ ಹಲ್ಲೀನೂ ಬುತ್ತಿ ಕಟ್ಕೊಂಡು ಬರುತ್ತೆ!" ಕಾವಲುಗಾರ್ತಿ ನಕ್ಕಳು. ಮರುಕ್ಷಣ ನಗು ಆರಿತು. ಬೆಟ್ಟದ ಆಚೆ ಮಗ್ಗುಲು ತೋರಿಸಿದಳು. ಅಲ್ಲೂ ಬರೀ ಬಂಡೆ, ಸುತ್ತ ಬಿಳಿಪಟ್ಟೆ. "ನಮ್ಮ ಉದ್ದದ ಕಂಬ ಇದೇ. ಇದನ್ನ ತೋರಿಸಿ ಬಯಲಿನ ಕಾಡು ಮಾರಿದ್ರು. ಬಳಿದೋಳು ನಾನೇ. ಈಗ ಕಾವಲೂ ನಂದೇ. ಏನ್ ಕಾಯ್ತೀಯಮ್ಮ ಅಂತ ಮಗಳು ಕೇಳಿದ್ರೆ ಒಲೆ ಕಡೆ ತಿರುಗಿ ನಿಲ್ತೀನಿ."

ಸರ್ವೆಯಾಕೆಯ ಮುಖ ಕೆಂಪಾಯಿತು. ಈಕೆ ಗೊತ್ತಿಲ್ಲದೆ ಬಳಿದಿರಬಹುದು. ತಾನು? ಮರಿಗಳನ್ನು ಕಣ್ಣಾರೆ ಕಂಡೂ "ಆಗ್ಲಿ" ಎಂದವಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಾಲಡಿಯ ಬಂಡೆ ಅದಕ್ಕೂ ಒಪ್ಪುವಂತಿರಲಿಲ್ಲ.

"ಡಬ್ಬ ಎತ್ಕೋ. ಇಳಿಯೋಣ," ಎಂದಳು ಮೈದುನನಿಗೆ.

"ಇಷ್ಟು ಹತ್ತಿ ಬರೀಕೈಲಾ?" ಗುಡುಗಪ್ಪ ಕಣ್ಣರಳಿಸಿದ.

"ಬರೀಕೈಯಲ್ಲ. ಬಣ್ಣ ಇದೆ, ತೋಪಿದೆ."

ಮಂಡಿ ತರಚಿಕೊಂಡು ಇಳಿದರು. ಅದೇ ಹೊಳೆಯನ್ನು ಈ ಸಲ ಡಬ್ಬವನ್ನು ತಲೆಯ ಮೇಲೆ ಕಟ್ಟಿಕೊಂಡು ದಾಟಿದರು. ತೋಪಿನ ಅಂಚಿನ ಮರಕ್ಕೆಲ್ಲ ಪಟ್ಟೆ ಎಳೆದರು. ಕುಂಚ ಸವೆದಾಗ ಅಂಗೈಯಿಂದಲೇ ಬಳಿದರು.

ಕೊನೆಯ ಮರದ ಹತ್ತಿರ ಸಾಹೇಬರು ಎದುರಾದರು, ಇಟ್ಟಿಗೆ ಗೂಡಿನ ಧಣಿಯ ಜೊತೆ.

"ಇದೇನಿದು! ಅಂಗೈಯಗಲ ತೋಪು! ಎಲ್ಲರಿಗಿಂತ ಕೊನೆಗೆ ಬರ್ತೀವಿ. ನಾಚಿಕೆ ಆಗಲ್ವಾ ನಿಂಗೆ?"

"ನಾಚಿಕೆ ಆಯ್ತು ಸಾರ್," ಅವಳು ತಲೆ ಎತ್ತದೆ ಹೇಳಿದಳು. "ಬೆಟ್ಟದ ಮೇಲೆ."

ಧಣಿ ಹಸಿ ಪಟ್ಟೆ ನೋಡಿ ಚಪ್ಪಲಿಗಾಲನ್ನು ಹಿಂದೆ ತೆಗೆದ. ಬೇರುಗಳ ನಡುವೆ ಏನೋ ಕೀಚ್ ಎಂದಿತು. ಸಾಹೇಬರು ಇನ್ನೇನೋ ಗದರಲು ಬಾಯಿ ತೆರೆದವರು, ಯಾಕೋ ದನಿ ತಗ್ಗಿಸಿದರು.