ಬರ್ತೀನಿ ಅಂದವರ ಬಾಗಿಲು

"ಯಾರಿದ್ದೀರಿ ಒಳಗೆ?"

ಅವಳು ಕೇಳಿದ್ದು ಯಾರನ್ನೂ ಅಲ್ಲ. ಕಿವಿಗೆ ಹೆಡ್‌ಫೋನ್, ಕಣ್ಣೆದುರು ಪರದೆ, ಪರದೆಯೊಳಗೆ ಮಂಜು ಕವಿದ ಒಂದು ಖಾಲಿ ಮನೆ. ಬಾಯಿಂದ ಮಾತು ತಾನಾಗಿ ಜಾರಿತ್ತು... ಅದೂ ಕೋಣೆಗೆಲ್ಲ ಕೇಳುವಷ್ಟು ಜೋರಾಗಿ!

ನಾಚಿಕೊಂಡು ಹೆಡ್‌ಫೋನ್ ಕಳಚುವಷ್ಟರಲ್ಲಿ ಕಾಲ ಬಳಿಯಿಂದ ಉತ್ತರ ಬಂತು.

"ನಾನಿದ್ದೀನಿ."

ಮೇಜಿನ ಕೆಳಗೆ ವೈರು ಸರಿಮಾಡುತ್ತಿದ್ದವನೊಬ್ಬ ತಲೆಯೆತ್ತಿದ. ಕೂದಲಿಗೆ ಧೂಳು ಮೆತ್ತಿಕೊಂಡಿತ್ತು.

"ನೀವು ಇರೋದು ಆಟದ ಒಳಗೋ, ಮೇಜಿನ ಒಳಗೋ?"

"ಎರಡರಲ್ಲೂ. ಈ ಆಟಕ್ಕೆ ಸದ್ದು ಕೂರಿಸಿದವನು ನಾನೇ."

ಹೊಸ ವಿಡಿಯೋ ಗೇಮುಗಳನ್ನು ಆಡಿ ವಿಮರ್ಶೆ ಬರೆಯುವುದು ಅವಳ ಕೆಲಸ. ಇವತ್ತು ಈ ಆಟದ ಮಾದರಿ ಆಡಿನೋಡಲು ಅದನ್ನು ತಯಾರಿಸುವವರ ಕಚೇರಿಗೆ ಬಂದಿದ್ದಳು. ಪತ್ರಿಕಾ ಕಚೇರಿಯಲ್ಲಿ ಅವಳಿಗೆ 'ಕತ್ತರಿ' ಎಂದೇ ಅಡ್ಡಹೆಸರು. ಹೊಗಳುತ್ತ ಹೊಗಳುತ್ತಲೇ ಕತ್ತರಿಸುತ್ತಾಳಂತೆ!

"ಆಟದ ಮನೇಲಿ ಕೆಳಗಿನ ಮೆಟ್ಟಿಲು ಮಾತ್ರ ಬೇರೆ ಥರ ಕಿರುಗುಟ್ಟುತ್ತೆ. ಯಾರೋ ದಿನಾ ಅಲ್ಲಿ ಕೂತು ಎದ್ದ ಹಾಗೆ," ಎಂದಳು.

ಅವನ ಕೈಯಲ್ಲಿದ್ದ ವೈರು ಹಾಗೇ ನಿಂತಿತು.

"ಅದು ನಮ್ಮನೆ ಮೆಟ್ಟಿಲು. ಅಮ್ಮ ಅಲ್ಲಿ ಕೂತು ಚಪ್ಪಲಿ ಹಾಕ್ಕೋತಿದ್ಲು. ಅದನ್ನ ಇವತ್ತಿನವರೆಗೂ ಯಾರೂ ಕೇಳಿಸ್ಕೊಂಡಿರಲಿಲ್ಲ, ಕತ್ತರಿ ಮೇಡಂ."

ಹೆಸರು ಇವನಿಗೂ ಗೊತ್ತಾಗಿದೆಯಲ್ಲ! ಅವಳ ಕೆನ್ನೆ ಬಿಸಿಯಾಯಿತು.

ಆಮೇಲೆ ಮೂಲೆಯಂಗಡಿಯ ಚಹಾ, ಚಹಾ ಆರುವವರೆಗೂ ಮಾತು, ಮಾತು ಮುಗಿದ ಮೇಲೂ ನಡಿಗೆ. ಅವನು ನಡೆಯುತ್ತ ನಡೆಯುತ್ತ ಥಟ್ಟನೆ ನಿಂತು, "ಕೇಳಿ, ಆ ಶಟರು ಎಳೆಯೋವಾಗ ನಿಟ್ಟುಸಿರು ಬಿಡುತ್ತೆ," ಎನ್ನುತ್ತಿದ್ದ. ಅವಳಿಗೆ ಶಟರಿನದಕ್ಕಿಂತ ಅವನ ಉಸಿರೇ ಹೆಚ್ಚು ಕೇಳಿಸುತ್ತಿತ್ತು...

ಪೂರ್ತಿ ಆಟ ಕೈಗೆ ಬಂದಾಗ ಅವಳು ಮನೆಯಲ್ಲಿ ಕೂತು ಆಡಿದಳು. ಆಡುವವರ ಕಣ್ಣೇ ಅದರಲ್ಲಿ ಕಥಾನಾಯಕನ ಕಣ್ಣು. ಕೈಯಲ್ಲೊಂದು ಲಾಟೀನು, ಅಷ್ಟೆ. ಮಂಜು ಗೋಡೆಗೆ ತಾಗುವ ಬಗೆ, ನಲ್ಲಿಯ ತೊಟ್ಟು, ಪಕ್ಕದ ಕೋಣೆಯಲ್ಲಿ ಯಾರೋ ಈಗಷ್ಟೇ ಎದ್ದುಹೋದಂಥ ಮೌನ... ಮೈ ಜುಂ ಎಂದಿತು. ಆದರೆ ನಡಿಗೆ ಆಮೆಯ ನಡಿಗೆ. ಮೇಲಿನ ಮಹಡಿಯ ಬಾಗಿಲುಗಳೆಲ್ಲ ಒಂದೇ ಅಚ್ಚು. ಒಮ್ಮೆ ಎಡವಿ ಬಿದ್ದರೆ ಮತ್ತೆ ಮೊದಲಿನಿಂದ!

ಕೊನೆಗೆ, ಆಟದುದ್ದಕ್ಕೂ ಬೀಗ ಬಿದ್ದಿದ್ದ ತಲೆಬಾಗಿಲಿನ ಹತ್ತಿರ ಒಂದು ಹೆಣ್ಣುದನಿ ಕೇಳಿಸಿತು.

"ಬರ್ತೀನಿ..."

ಅವಳು ಕಾದಳು. ಯಾರೂ ಬರಲಿಲ್ಲ. ಇನ್ನೂ ಕಾದಳು.

ಹೊಲಿಗೆ ಯಂತ್ರದ ಮುಂದೆ ಕೂತು ಹಳೆಯ ಪದ್ಯ ಹೇಳಿಕೊಳ್ಳುತ್ತಿದ್ದ ಚಿಕ್ಕಮ್ಮ ಸಾಲಿನ ನಡುವೆ ನಿಲ್ಲಿಸಿ ಕೇಳಿದಳು: "ಯಾರಿಗೇ ಕಾಯ್ತಿದ್ದೀಯ, ಆ ಮುಚ್ಚಿದ ಬಾಗಿಲ ಮುಂದೆ?"

"ಅದೇ ಗೊತ್ತಾಗ್ತಿಲ್ಲ ಚಿಕ್ಕಮ್ಮ!"

ಮನಸ್ಸು ತುಂಬಿದ್ದರೂ ಕೈ ಸುಳ್ಳು ಬರೆಯಲಿಲ್ಲ. ಮೊದಲು ಹೊಗಳಿದಳು, ಆಮೇಲೆ ಕತ್ತರಿ ಆಡಿಸಿದಳು: 'ಬರ್ತೀನಿ ಎಂದವಳು ಬರುವುದೇ ಇಲ್ಲ. ಕೊನೆ ಕಟ್ಟಲಾಗದೆ ಆಟಗಾರರಿಗೆ ಮಾಡಿದ ಮೋಸವಿದು.'

ವಿಮರ್ಶೆ ಅಚ್ಚಾದ ದಿನವೇ ಅವನು ಕಚೇರಿಗೆ ಬಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ಅವಳು ಬರ್ತಿರಲಿಲ್ಲ. ಹೊರಡ್ತಿದ್ಲು."

"ಅಂದ್ರೆ?"

"ಮನೆಯಿಂದ ಹೊರಡೋವಾಗ ಹೋಗ್ತೀನಿ ಅಂತೀವಾ ನಾವು? ಬರ್ತೀನಿ ಅಂತೀವಿ. ಅದು ನನ್ನಮ್ಮನ ದನಿ. ಸದ್ದು ಹಿಡಿಯೋ ಯಂತ್ರ ಹೊಸದಾಗಿ ತಂದಿದ್ದೆ, ಪರೀಕ್ಷೆಗೆ ಅಂತ ಹಚ್ಚಿಟ್ಟಿದ್ದೆ. ಬರ್ತೀನಿ ಅಂದು ಕೆಲಸಕ್ಕೆ ಹೋದ್ಲು. ದಾರೀಲಿ ಲಾರಿ..." ಮುಂದಿನದನ್ನು ಅವನು ನುಂಗಿಕೊಂಡ. "ಆಟದಲ್ಲಿ ಆ ದನಿ ಕೇಳಿದ ಮೇಲೆ ತಲೆಬಾಗಿಲಿಗೆ ಬೀಗ ಇರೋದಿಲ್ಲ. ಆಡೋರೇ ಬಾಗಿಲು ತೆಗೆದು ಹೊರಗೆ ಹೋಗ್ಬೇಕು. ಆಗ ಬೆಳಕು. ಅದೇ ಕೊನೆ. ನೀವು ಬಾಗಿಲು ಮುಟ್ಟಲೇ ಇಲ್ಲ."

ಅವಳ ಕಣ್ಣು ತುಂಬಿತು. ಆದರೆ ಕತ್ತರಿ ಕತ್ತರಿಯೇ.

"ಆಟವಿಡೀ ಬೀಗ ಹಾಕಿದ್ದ ಬಾಗಿಲು ಅದು! ತೆರೆದಿದೆ ಅಂತ ಆಡೋರಿಗೆ ಹೇಗೆ ಗೊತ್ತಾಗ್ಬೇಕು? ಮೆಟ್ಟಿಲಿಗೂ ನಲ್ಲಿಗೂ ಸದ್ದು ಕೊಟ್ಟಿರಿ. ಆ ಚಿಲಕಕ್ಕೆ ಯಾಕೆ ಕೊಡಲಿಲ್ಲ?"

ಅವನ ಮುಖ ಬಿಳಿಚಿತ್ತು.

"ಬರ್ತೀನಿ," ಎಂದ. ಹೋದ.

ಹೊರಡುವ ಮಾತು! ಈಗಷ್ಟೇ ಅವನೇ ಕಲಿಸಿದ ಪಾಠ. ಇನ್ನು ಅವನು ಬರುವುದಿಲ್ಲ...

ಆಮೇಲಿನ ದಿನಗಳಲ್ಲಿ ಅವಳಿಗೆ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಕೊನೆಯ ಬಗ್ಗೆ ತಾನು ತಪ್ಪಾಗಿ ಬರೆದದ್ದಕ್ಕೆ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಿದಳು. ಚಿಲಕಕ್ಕೆ ಸದ್ದಿಲ್ಲದ ದೋಷವನ್ನು ಮಾತ್ರ ಬಿಡದೆ ಬರೆದಳು. ಅವನ ಮುಂದಿನ ಆಟಗಳ ವಿಮರ್ಶೆ ಬೇರೆಯವರಿಗೆ ಕೊಡಿ ಎಂದಾಗ ಸಂಪಾದಕಿ, "ಯಾಕೆ, ಕತ್ತರಿಗೆ ತುಕ್ಕು ಹಿಡೀತಾ?" ಎಂದು ಕನ್ನಡಕದ ಮೇಲಿಂದ ನೋಡಿದರು. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಎದೆ ಧಸಕ್ ಎನ್ನುತ್ತಿತ್ತು. ಫೋನು ಕೈಗೆತ್ತಿಕೊಳ್ಳುವಳು... ಇಡುವಳು. ನಾನ್ಯಾಕೆ ಮೊದಲು? ಅಮ್ಮನ ಕೊನೇ ಮಾತನ್ನ ಮೋಸ ಅಂದೋಳ ಮುಖ ಅವನಾದ್ರೂ ಯಾಕೆ ನೋಡ್ತಾನೆ?

ಒಂದು ಬೆಳಿಗ್ಗೆ ಚಿಕ್ಕಮ್ಮ ಹೊಲಿಗೆ ನಿಲ್ಲಿಸಿದಳು.

"ಬೆಕ್ಕು ಮರಿ ಹೊತ್ಕೊಂಡು ತಿರುಗಿದ ಹಾಗೆ ಆ ಫೋನ್ ಹೊತ್ಕೊಂಡು ತಿರುಗ್ತೀಯಲ್ಲೇ! ಹೋಗೋವಾಗ ಏನಂದ ಅವನು?"

"ಬರ್ತೀನಿ ಅಂದ."

"ಅಂದ ಮೇಲೆ?"

"ಅದು ಹೋಗೋ ಮಾತು ಚಿಕ್ಕಮ್ಮ."

"ಪದ್ಯ ಹೇಳೋವಾಗ ನಾನು ನಡುವೆ ಉಸಿರು ತಗೋತೀನಿ. ಪದ್ಯ ಮುಗೀತು ಅಂತ ನೀನು ಎದ್ದು ಹೋಗ್ತೀಯಾ?" ಚಿಕ್ಕಮ್ಮ ದಾರ ಕಚ್ಚಿ ಕತ್ತರಿಸಿದಳು. "ಬರೋ ಮಾತೋ ಹೋಗೋ ಮಾತೋ, ಬಾಗಿಲು ತೆಗೆದ್ರೆ ತಾನೆ ಗೊತ್ತಾಗೋದು? ದೇವರು ಕೈ ಕೊಟ್ಟಿರೋದು ಫೋನ್ ಒರೆಸೋಕಲ್ಲ."

ಆಟದಲ್ಲಿ ಮುಟ್ಟದ ಬಾಗಿಲು ಅವಳ ಕಣ್ಣೆದುರು ಬಂತು. ಚಪ್ಪಲಿ ಮೆಟ್ಟಿ ಓಡಿದಳು.

ಅವನ ಸ್ಟುಡಿಯೋದ ಬಾಗಿಲು ಗಡುಸು. ಭುಜ ಕೊಟ್ಟು ನೂಕಿದಾಗ ಚಿಲಕ ಖಟ್ ಎಂದು ನಡುಗಿ, ಗರ್ರನೆ ಸರಿಯಿತು. ಒಳಗೆ ನೆಲದ ತುಂಬ ಬೀಗ, ಅಗುಳಿ, ಕೊಂಡಿಗಳು. ನಡುವೆ ಅವನು. ಪಕ್ಕದಲ್ಲಿ ಮೈಕಿನ ಕೆಂಪು ದೀಪ ಉರಿಯುತ್ತಿತ್ತು.

"ಗುಜರಿ ಅಂಗಡಿ ಇಟ್ರಾ?" ನಗಲು ಹೋದಳು. ದನಿ ಒಡೆಯಿತು.

"ನೀವು ಹೇಳಿದ್ದು ನಿಜ. ಚಿಲಕದ ಸದ್ದು ಹಾಕೋಕೆ ನನಗೆ ಧೈರ್ಯ ಇರಲಿಲ್ಲ. ಆ ಸದ್ದು ಕೇಳಿದ್ರೆ ಅಮ್ಮ ಹೋದ್ಲು ಅಂತ ಒಪ್ಪಿಕೊಂಡ ಹಾಗೆ. ಸರಿಯಾದ ಸದ್ದು ಸಿಕ್ಕಿದ ತಕ್ಷಣ ನಿಮ್ಮ ಹತ್ರ ಬರೋಣ ಅಂತ... ಬರ್ತೀನಿ ಅಂದಿದ್ದೆನಲ್ಲ!"

"ನಾನು ಹೋಗೋ ಮಾತು ಅಂದ್ಕೊಂಡೆ!"

ಇಬ್ಬರೂ ನಕ್ಕರು. ನಗುತ್ತಲೇ ಅವಳು ಕಣ್ಣೊರೆಸಿಕೊಂಡಳು.

"ಯಾವುದೂ ಸರಿಹೋಗ್ತಿಲ್ಲ. ಎಲ್ಲಾ ಮುಚ್ಚೋ ಸದ್ದುಗಳೇ," ಎಂದವನು ಥಟ್ಟನೆ ಕೆಂಪು ದೀಪದತ್ತ ನೋಡಿದ. ಮೈಕು ಹಿಡಿದಿಟ್ಟ ಸದ್ದನ್ನು ಹಿಂದಕ್ಕೆ ಓಡಿಸಿ ಹೆಡ್‌ಫೋನನ್ನು ಅವಳ ಕಿವಿಗಿಟ್ಟ.

ಖಟ್... ಗರ್ರ್... ಆಮೇಲೆ ಅವಳದೇ ಏದುಸಿರು.

"ಇದು ತೆರೆಯೋ ಸದ್ದು," ಎಂದ ಪಿಸುದನಿಯಲ್ಲಿ. "ಇಷ್ಟು ದಿನ ಹುಡುಕಿದ್ದು ಇದನ್ನೇ. ನಿನ್ನನ್ನೇ."

'ನೀವು' ಯಾವಾಗ 'ನೀನು' ಆಯಿತೋ!

"ನಾನೂ ಕಾಯ್ತಿದ್ದೆ ಕಣೋ," ಎಂದಳು. "ಮುಚ್ಚಿದ ಬಾಗಿಲ ಮುಂದೆ, ಪೆದ್ದಿ ಥರ."

ಆ ಸದ್ದನ್ನು ಮತ್ತೆ ಮತ್ತೆ ಕೇಳುವುದರಲ್ಲಿ ಹೊತ್ತು ಹೋಯಿತು. ಕಚೇರಿಯ ನೆನಪಾಗಿ ಅವಳು ಎದ್ದಳು.

"ಸರಿ, ಬರ್ತೀ..."

ಅವನು ಅವಳ ಕೈ ಹಿಡಿದ.

"ಒಂದು ಬೇಡಿಕೊಳ್ತೀನಿ. ನನ್ನ ಮುಂದೆ ಆ ಮಾತು ಬೇಡ. ಹೋಗ್ತೀನಿ ಅಂದುಬಿಡು. ಕಾಯೋ ಸಂಕಟ ಇರೋದಿಲ್ಲ."

ಅವಳು ಅವನ ಕಣ್ಣನ್ನೇ ನೋಡಿದಳು. ಇನ್ನೊಂದು ಕೈ ಚಿಲಕದ ಮೇಲಿತ್ತು.

"ಹೋಗ್ತೀನಿ ಅಂತ ಅನ್ನಲ್ಲ," ಎಂದಳು. "ಯಾವತ್ತೂ ಅನ್ನಲ್ಲ."